ಶಾಶಾಂಕ್ ಸಿನಿಮಾಕ್ಕೆ ಮೂರು ಅರ್ಥ, ಮೂರು ಭಾನುವಾರ

ನಮ್ಮ ಮನೆಯಲ್ಲಿ ಜಗಳ ಶುರುವಾಗಿದ್ದೇ ಹೆಸರಿನಿಂದ. ‘ದಿ ಶಾಶಾಂಕ್ ರಿಡೆಂಪ್ಷನ್’ ಹಾಕಿದ್ದೆ, ಹೆಂಡತಿಯನ್ನು ಕೊಂದ ಅನ್ನೋ ಸುಳ್ಳು ಆರೋಪಕ್ಕೆ ಶಾಶಾಂಕ್ ಜೈಲು ಸೇರಿದ ಆ್ಯಂಡಿಯ ಕಥೆಯ ಇಂಗ್ಲಿಷ್ ಸಿನಿಮಾ. ರಿಡೆಂಪ್ಷನ್ ಅಂದ್ರೆ ಏನು ಅಂತ ಅತ್ತೆ ಕೇಳಿದರು. ಪಾಪ ಕಳೆಯೋದು ಅಂದೆ. ‘ಆ ಹುಡುಗ ಪಾಪಾನೇ ಮಾಡಿಲ್ವಲ್ಲೇ, ಕಳೆಯೋದೇನು?’ ಅಂದರು. ಈ ಸಿನಿಮಾ ಎಷ್ಟೋ ಸಲ ನೋಡಿದ್ದೇನೆ, ಈ ಪ್ರಶ್ನೆ ನನಗೆ ಒಂದು ಸಲವೂ ಬಂದಿರಲಿಲ್ಲ.

ಹಾಗಾಗಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಮೂರು ಭಾನುವಾರ, ಅದೇ ಸಿನಿಮಾ, ಪ್ರತಿ ಸಲ ಬೇರೆಯವರ ಜೊತೆ. ಅವರು ಹೇಳೋ ಅರ್ಥವನ್ನೇ ನಂಬಿಕೊಂಡು ಕೊನೆವರೆಗೂ ನೋಡೋದು, ಎಲ್ಲಿ ಕೈಕೊಡುತ್ತೆ ಅಂತ ಗಮನಿಸೋದು. 1994ರ ಸಿನಿಮಾ ಇದು, ಕಥೆ ಹೇಳಿಬಿಟ್ಟೆ ಅಂತ ಬೈಯಬೇಡಿ. ಬಂದಾಗ ಥಿಯೇಟರ್‌ನಲ್ಲಿ ಓಡಲಿಲ್ಲ, ಏಳು ಆಸ್ಕರ್ ನಾಮಿನೇಷನ್ ಸಿಕ್ಕಿ ಒಂದೂ ಗೆಲ್ಲಲಿಲ್ಲ. ಆಮೇಲೆ ವಿಡಿಯೋ ಕ್ಯಾಸೆಟ್, ಟೀವಿಯಲ್ಲಿ ನೋಡಿದವರೇ ಅದನ್ನ ತಲೆ ಮೇಲೆ ಹೊತ್ತುಕೊಂಡರು.

ಮೊದಲ ಭಾನುವಾರ ಅತ್ತೆ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಗಿದ್ದರಿಂದ 142 ನಿಮಿಷದ ಸಿನಿಮಾ ದೇವರ ಮುಂದೆ ದೀಪ ಹಚ್ಚೋ ಹೊತ್ತಾದರೂ ಮುಗಿಯಲಿಲ್ಲ. ಅವರ ಪ್ರಕಾರ ಇದು ಕರ್ಮ ಮತ್ತು ತಾಳ್ಮೆಯ ಕಥೆ. ಆ್ಯಂಡಿ ಹೆಂಡತಿಯನ್ನು ಕೊಂದಿಲ್ಲ, ಆದರೆ ತಾನೇ ಅವಳನ್ನು ದೂರ ಮಾಡಿದೆ ಅಂತ ಜೈಲಿನ ಗೆಳೆಯ ರೆಡ್ ಹತ್ತಿರ ಒಪ್ಪಿಕೊಳ್ತಾನೆ. ‘ನೋಡು, ಅಷ್ಟಕ್ಕೆ ಇಷ್ಟು ವರ್ಷ ಅನುಭವಿಸಿದ’ ಅಂದರು. ಮೊದಲು ಪಾಪವೇ ಇಲ್ಲ ಅಂದವರು ಕೊನೆಗೆ ಒಂದು ಸಣ್ಣ ಪಾಪ ಹುಡುಕಿಯೇ ಹುಡುಕಿದರು! ಅವನು ಚರಂಡಿ ಪೈಪಿನಿಂದ ತೆವಳಿ ಹೊರಗೆ ಬಂದು ಗುಡುಗು ಮಳೆಯಲ್ಲಿ ಕೈ ಎತ್ತಿ ನಿಂತಾಗ ಅತ್ತೆ ಕೈ ಮುಗಿದುಬಿಟ್ಟರು. ಸೆರೆಮನೆ, ನಡುರಾತ್ರಿ, ಮಳೆ, ಕಾವಲಿನವರಿಗೆ ಗೊತ್ತೇ ಆಗಲಿಲ್ಲ, ಥೇಟ್ ವಸುದೇವ ಯಮುನೆ ದಾಟಿದ ಹಾಗೆ ಅಲ್ವಾ ಅಂದರು. ನನಗೆ ಮೈ ಜುಮ್ಮೆಂದಿತು.

ಬೈಬಲ್ ಹಿಡಿದ ಜೈಲಿನ ವಾರ್ಡನ್ ನಾರ್ಟನ್ ಬಂದಾಗ ಈ ಅರ್ಥ ಬಿದ್ದುಹೋಗುತ್ತೆ ಅಂದುಕೊಂಡಿದ್ದೆ. ಇಲ್ಲ. ಬಾಯಲ್ಲಿ ದೇವರು, ಮಾಡೋದೆಲ್ಲ ಮೋಸ, ಅಂಥವರನ್ನು ಅತ್ತೆ ಬೇಕಾದಷ್ಟು ನೋಡಿದ್ದಾರಂತೆ. ಆ್ಯಂಡಿ ಗೋಡೆ ತೋಡಿದ ಸುತ್ತಿಗೆ ಬಚ್ಚಿಟ್ಟಿದ್ದೂ ಬೈಬಲ್ ಒಳಗೇ, ಅದೂ ಇಸ್ರೇಲಿನವರು ಈಜಿಪ್ಟ್ ಬಿಟ್ಟು ಹೊರಡೋ ವಿಮೋಚನಕಾಂಡದ ಹಾಳೆಗಳನ್ನು ಕೊರೆದು. ಹಾಗಾಗಿ ಭಕ್ತಿಯ ಅರ್ಥ ಇಲ್ಲಿ ಇನ್ನೂ ಗಟ್ಟಿಯೇ ಆಗುತ್ತೆ. ಅದು ಕೈಕೊಡೋದು ಟಾಮಿ ವಿಷಯದಲ್ಲಿ. ಆ್ಯಂಡಿ ನಿರಪರಾಧಿ ಅಂತ ಸಾಕ್ಷಿ ಹೇಳಬಹುದಾಗಿದ್ದ ಹುಡುಗ, ಆಗಷ್ಟೇ ಓದು ಕಲಿತು ಪರೀಕ್ಷೆ ಪಾಸಾಗಿದ್ದ, ಅವನನ್ನು ಗುಂಡು ಹೊಡೆದು ಸಾಯಿಸ್ತಾರೆ. ಅವನದು ಯಾವ ಕರ್ಮ? ‘ಹಣೆಬರಹ’ ಅಂದರು ಅತ್ತೆ. ಇದೊಂದನ್ನು ನನ್ನಿಂದ ಒಪ್ಪಿಕೊಳ್ಳೋಕೆ ಆಗಲಿಲ್ಲ.

ಎರಡನೇ ಭಾನುವಾರ ಮಾವ. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದವರು, ಯೂನಿಯನ್ ಮನುಷ್ಯ. ಅವರ ಕಣ್ಣಿಗೆ ಅದು ಜೈಲೇ ಅಲ್ಲ, ಕೂಲಿ ಕೊಡದ ಕಾರ್ಖಾನೆ. ನಾರ್ಟನ್ ಕೈದಿಗಳನ್ನು ಹೊರಗಿನ ಕಾಮಗಾರಿಗೆ ಕಳಿಸ್ತಾನೆ, ಪುಕ್ಕಟೆ ಆಳುಗಳಿರೋದರಿಂದ ಟೆಂಡರ್‌ನಲ್ಲಿ ಅವನ ರೇಟಿಗೆ ಯಾರೂ ನಿಲ್ಲೋಕಾಗಲ್ಲ. ಒಬ್ಬ ಕಂಟ್ರಾಕ್ಟರ್ ಬಂದು, ಈ ಕೆಲಸ ಬಿಟ್ಟುಕೊಡಿ ಅಂತ ಹೆಂಡತಿ ಮಾಡಿದ ಪೈ ಡಬ್ಬದಲ್ಲಿ ದುಡ್ಡಿಟ್ಟು ಕೊಡ್ತಾನೆ. ಮಾವ ಅಲ್ಲಿ ನಿಲ್ಲಿಸಿ ಅಂದರು, ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡಿದರು, ‘ನಮ್ಮಲ್ಲಿ ಸ್ವೀಟ್ ಬಾಕ್ಸ್, ಅಲ್ಲಿ ಪೈ’ ಅಂತ ನಕ್ಕಿದ್ದೇ ನಕ್ಕಿದ್ದು. ಲೈಬ್ರರಿಗೆ ಹಣ ಕೇಳಿ ವಾರಕ್ಕೊಂದು ಪತ್ರ ಬರೆದು ಆರು ವರ್ಷದ ಮೇಲೆ 200 ಡಾಲರ್ ಬಂದಾಗ, ಇನ್ನು ವಾರಕ್ಕೆ ಎರಡು ಬರೀತೀನಿ ಅಂತಾನಲ್ಲ ಆ್ಯಂಡಿ, ಆ ಮಾತಿಗೆ ಚಪ್ಪಾಳೆ ಹೊಡೆದರು.

ಮಾರನೇ ದಿನ ಮಾವ ನನ್ನನ್ನು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್‌ಗೆ ಕರೆದುಕೊಂಡು ಹೋದರು. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲ್ ಅದು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಇಲ್ಲೇ ಇಟ್ಟಿದ್ದರು. ನಟಿ ಸ್ನೇಹಲತಾ ರೆಡ್ಡಿ ಇಲ್ಲೇ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು, ಕಾವಲು ಗೋಪುರ ಇನ್ನೂ ಇದೆ. ಈಗ ಊರಿನಲ್ಲಿ ಧರಣಿ ಕೂರಬೇಕಂದ್ರೂ ಇಲ್ಲಿಗೇ ಬರಬೇಕು. ಸಿನಿಮಾ ಶೂಟಿಂಗ್ ಆದ ಒಹಾಯೋದ ಹಳೇ ಜೈಲೂ ಈಗ ಟಿಕೆಟ್ ತಗೊಂಡು ನೋಡೋ ಜಾಗ ಅಂತ ನಾನು ಹೇಳಿದೆ. ಮಾವ ಗೋಪುರ ನೋಡ್ತಾ ನಿಂತಿದ್ದರು, ಕೇಳಿಸಿಕೊಂಡರೋ ಇಲ್ಲವೋ.

ಅವರ ಅರ್ಥ ಎಲ್ಲಿ ಕೈಕೊಡ್ತು ಅಂತ ಅವರೇ ಹೇಳಿದರು. ‘ಒಬ್ಬನೇ ತಪ್ಪಿಸಿಕೊಂಡ, ಯೂನಿಯನ್ ಕಟ್ಟಲಿಲ್ಲ.’ ನಿಜ. ಆ್ಯಂಡಿ ಪತ್ರಿಕೆಗೆ ಕಳಿಸಿದ ಮೋಸದ ಲೆಕ್ಕಪುಸ್ತಕದಿಂದ ನಾರ್ಟನ್ ಗುಂಡು ಹೊಡೆದುಕೊಳ್ತಾನೆ, ಕಾವಲುಗಾರರ ಮುಖ್ಯಸ್ಥ ಹ್ಯಾಡ್ಲಿ ಅರೆಸ್ಟ್ ಆಗ್ತಾನೆ, ಆದರೆ ಜೈಲು ಹಾಗೇ ನಡೀತಾ ಇರುತ್ತೆ. ಇನ್ನೊಂದು, ಆ್ಯಂಡಿ ಬ್ಯಾಂಕಿನವನು. ಟ್ಯಾಕ್ಸ್ ಉಳಿಸಿಕೊಡೋ ವಿದ್ಯೆ ಗೊತ್ತಿಲ್ಲದಿದ್ದರೆ ಕೈದಿಗಳು ಟಾರು ಬಳೀತಿದ್ದ ಛಾವಣಿಯಿಂದಲೇ ಹ್ಯಾಡ್ಲಿ ಅವನನ್ನು ಕೆಳಗೆ ತಳ್ಳಿರೋನು, ಆ ವಿದ್ಯೆಗೆ ಬದಲಾಗಿ ಜೊತೆಯವರಿಗೆ ಸಿಕ್ಕ ಬಿಯರ್ ಎಲ್ಲಿಂದ ಬರಬೇಕು.

ಸಿನಿಮಾದಲ್ಲಿ ಏನಿಲ್ಲ ಅನ್ನೋ ಈ ಎಳೆಯನ್ನೇ ಮೂರನೇ ಭಾನುವಾರ ತಂಗಿ ಮಗಳು ಹಿಡಿದಳು. ಡಿಗ್ರಿ ಓದುತ್ತಿದ್ದಾಳೆ, ಬಾಯಿ ಜೋರು. ‘ದೊಡ್ಡಮ್ಮ, ಇದರಲ್ಲಿ ಹೆಂಗಸರು ಎಲ್ಲಿದ್ದಾರೆ ಹೇಳಿ’ ಅಂದಳು. ಸತ್ತ ಹೆಂಡತಿ, ಗೋಡೆ ಮೇಲಿನ ಪೋಸ್ಟರ್, ಅಷ್ಟೇ. ರೆಡ್ ಪಾತ್ರ ಸ್ಟೀಫನ್ ಕಿಂಗ್ 1982ರಲ್ಲಿ ಬರೆದ ಕಥೆಯಲ್ಲಿ ಕೆಂಗೂದಲಿನ ಐರಿಶ್ ಮನುಷ್ಯ. ಸಿನಿಮಾದಲ್ಲಿ ಕಪ್ಪು ವರ್ಣದ ನಟ ಮಾರ್ಗನ್ ಫ್ರೀಮನ್. ಆದರೂ 1947ರ ಅಮೆರಿಕದ ಜೈಲಿನಲ್ಲಿ ಬಣ್ಣದ ಮಾತೇ ಎತ್ತಲ್ಲ. ಇದೆಲ್ಲ ಸರಿ, ಒಪ್ಪಿದೆ. ಆದರೆ ಬರೀ ಏನಿಲ್ಲ ಅಂತ ಹುಡುಕುತ್ತಾ ಕೂತರೆ ಎದುರಿಗಿರೋದು ಕಾಣಲ್ಲ, ಅರ್ಧ ಸಿನಿಮಾ ಹೊತ್ತಿಗೆ ಇಬ್ಬರೂ ಫೋನ್ ನೋಡ್ತಾ ಇದ್ದೆವು.

ಆ ಫೋನೇ ಉಪಯೋಗಕ್ಕೆ ಬಂತು. ಆ್ಯಂಡಿ ಬಾಗಿಲು ಹಾಕಿಕೊಂಡು ಲೌಡ್‌ಸ್ಪೀಕರ್‌ನಲ್ಲಿ ಹಾಕ್ತಾನಲ್ಲ, ಇಬ್ಬರು ಹೆಂಗಸರ ಹಾಡು, ಅದು ಮೊಜಾರ್ಟ್‌ನ ‘ಮ್ಯಾರೇಜ್ ಆಫ್ ಫಿಗರೋ’ ಅನ್ನೋ ಸಂಗೀತ ನಾಟಕದ್ದು. ಅವರು ಏನು ಹಾಡಿದರೋ ಗೊತ್ತಿಲ್ಲ, ಗೊತ್ತಾಗೋದೂ ಬೇಡ ಅಂತಾನೆ ರೆಡ್. ಇವಳು ಬಿಡ್ತಾಳಾ, ಹುಡುಕಿದಳು. ಒಡತಿ ಹೇಳ್ತಾಳೆ, ಕೆಲಸದವಳು ಬರೀತಾಳೆ, ಇಬ್ಬರೂ ಸೇರಿ ಮನೆಯ ಲಂಪಟ ಯಜಮಾನನನ್ನು ಸಿಕ್ಕಿಹಾಕಿಸೋಕೆ ಒಂದು ಪತ್ರ ತಯಾರು ಮಾಡ್ತಿದ್ದಾರೆ! ಮೇಲೆ ಕೂತವನನ್ನು ಕಾಗದದಲ್ಲೇ ಹಿಡಿಯೋದು, ಕೊನೆಗೆ ಆ್ಯಂಡಿ ನಾರ್ಟನ್‌ಗೆ ಮಾಡಿದ್ದೂ ಅದೇ ಅಲ್ವಾ. ಇದನ್ನು ಮಾವನಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

ಯಾವುದು ಗೆದ್ದಿತು ಅಂದ್ರೆ, ಮೊದಲ ಸಲ ನೋಡೋರಿಗೆ ಅತ್ತೆಯ ಅರ್ಥ ಸಾಕು, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಸಲಕ್ಕೆ ಮಾವನದು. ಹುಡುಗಿಯದು ಉಪ್ಪಿನಕಾಯಿ ಥರ, ಪಕ್ಕದಲ್ಲಿ ಬೇಕು, ಅದನ್ನೇ ಊಟ ಮಾಡೋಕಾಗಲ್ಲ. ಆದರೆ ಅತ್ತೆಯ ಆ ಮೊದಲ ಪ್ರಶ್ನೆಗೆ ಮೂರರಲ್ಲೂ ಉತ್ತರ ಇಲ್ಲ. ನನಗೆ ಸಿಕ್ಕಿದ್ದು ರೆಡ್ ಹತ್ತಿರ. ಅಷ್ಟೂ ಕೈದಿಗಳಲ್ಲಿ ತಪ್ಪು ಮಾಡಿದ್ದೇನೆ ಅಂತ ಒಪ್ಪಿಕೊಳ್ಳೋನು ಅವನೊಬ್ಬ. ಎರಡು ಸಲ ಪೆರೋಲ್ ಮಂಡಳಿ ಮುಂದೆ ಕೈಯಲ್ಲಿ ಟೋಪಿ ಹಿಡಿದು, ಬದಲಾಗಿದ್ದೇನೆ ಸ್ವಾಮಿ ಅಂತ ಗಿಳಿಪಾಠ ಒಪ್ಪಿಸ್ತಾನೆ, ತಿರಸ್ಕಾರದ ಮುದ್ರೆ ಬೀಳುತ್ತೆ. 1967ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ, ಸನ್ನಡತೆ ಗಿನ್ನಡತೆ ಎಲ್ಲ ಬಿಟ್ಟು, ಅವತ್ತು ಆ ಕೆಲಸ ಮಾಡಿದ ಹುಡುಗನ ಜೊತೆ ಕೂತು ಮಾತಾಡಬೇಕು ಅನಿಸುತ್ತೆ, ಆದರೆ ಅವನಿಲ್ಲ, ಉಳಿದಿರೋದು ಈ ಮುದುಕ ಅಂತಾನೆ. ಮುದ್ರೆ ಹಾಕಿ ನನ್ನ ಟೈಮ್ ವೇಸ್ಟ್ ಮಾಡಬೇಡಿ ಅಂತಾನೆ. ಆಗ ಬಿಡ್ತಾರೆ.

ಬಿಟ್ಟ ಮೇಲೂ ಅಂಗಡಿಯಲ್ಲಿ ಮೂತ್ರಕ್ಕೆ ಹೋಗಲಾ ಅಂತ ಮ್ಯಾನೇಜರನ್ನು ಕೇಳ್ತಾನೆ. ಕೇಳದೆ ಹೋದರೆ ಬರೋದೇ ಇಲ್ಲವಂತೆ. ಆ ದೃಶ್ಯ ಬಂದಾಗ ಮಾವ ಮಾತೇ ಆಡಲಿಲ್ಲ. ರಿಟೈರ್ ಆದ ಮೇಲೆ ಆರು ತಿಂಗಳು ಅವರು ಐದೂವರೆಗೆ ಎದ್ದು, ಇಸ್ತ್ರಿ ಶರ್ಟ್ ಹಾಕಿಕೊಂಡು, ಫ್ಯಾಕ್ಟರಿ ಬಸ್ ಹೋಗೋವರೆಗೂ ಗೇಟ್ ಹತ್ತಿರ ನಿಂತಿರುತ್ತಿದ್ದರು. ಅತ್ತೆ ಒಳಗಿನಿಂದ ಕಾಫಿ ಆಯ್ತು ಅಂತ ಕೂಗೋವರೆಗೂ ಒಳಗೆ ಬರುತ್ತಿರಲಿಲ್ಲ.