ಆಲೆಮನೆ ಸದ್ದಿಗೆ ರೀಪರ್: ಒಂದು ವರ್ಷ ಬಳಸಿದ ಮೇಲೆ

ಗೆಳೆಯನೊಬ್ಬ ಮಂಡ್ಯ ಹತ್ತಿರದ ಆಲೆಮನೆಯಲ್ಲಿ 11 ನಿಮಿಷದ ಒಂದು ವಿಡಿಯೊ ಮಾಡಿದ. ಮಾತಿಲ್ಲ, ಕಥೆಯಿಲ್ಲ. ಬೆಂಕಿ, ಹೊಗೆ, ಕುದಿಯುವ ಕಬ್ಬಿನ ಹಾಲು, ಅಷ್ಟೇ. ಸಂಗೀತ ಮಾಡಿಕೊಡು ಅಂದ. ಇದಕ್ಕೆ ಕೊಳಲು, ವೀಣೆ ಹಾಕಿದರೆ ಬೆಲ್ಲದ ಜಾಹೀರಾತಿನ ಹಾಗೆ ಆಗಿಬಿಡುತ್ತದೆ, ಅಲ್ವಾ? ಹಾಗಾಗಿ ಆಲೆಮನೆಯ ಸದ್ದಿನಿಂದಲೇ ಮಾಡೋಣ ಅಂದುಕೊಂಡೆ. ಆ ಕೆಲಸ ಪೂರ್ತಿ ಆಗಿದ್ದು ಸದ್ದು ಹಿಡಿದು, ಕತ್ತರಿಸಿ, ಬೆರೆಸುವ ರೀಪರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ.

ಮೊದಲು ದುಡ್ಡಿನ ವಿಷಯ. 60 ದಿನ ಎಲ್ಲ ಸೌಲಭ್ಯದ ಜೊತೆ ಪುಕ್ಕಟೆ ಬಳಸಿ ನೋಡಬಹುದು. ಆಮೇಲೆ ನಮ್ಮಂಥ ಸಣ್ಣವರಿಗೆ ಲೈಸೆನ್ಸ್ 60 ಡಾಲರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ 30 ಟ್ರ್ಯಾಕ್ (ಸದ್ದುಗಳನ್ನು ಬೇರೆ ಬೇರೆ ಇಡುವ ಸಾಲುಗಳು) ಸಲೀಸಾಗಿ ಓಡಿದವು.

ನನಗೆ ತುಂಬಾ ಇಷ್ಟವಾಗಿದ್ದು ಸದ್ದನ್ನು ನಿಧಾನ ಮಾಡುವ ರೀತಿ. ಕೊಪ್ಪರಿಗೆಯ ಅಂಚಿಗೆ ಸೌಟು ತಾಗಿದ ಸದ್ದು ನಾಲ್ಕು ಸೆಕೆಂಡಿನದು. ಎಫ್2 ಒತ್ತಿ, ವೇಗ 0.25 ಅಂತ ಕೊಟ್ಟು, ಶ್ರುತಿ ಬದಲಾಗದಂತೆ ಉಳಿಸುವ ಟಿಕ್ ತೆಗೆದರೆ ಅದೇ ಸದ್ದು 16 ಸೆಕೆಂಡ್ ಆಗುತ್ತದೆ, ಸರಿಯಾಗಿ ಎರಡು ಸ್ಥಾಯಿ ಕೆಳಗೆ ಇಳಿಯುತ್ತದೆ, ಎಲ್ಲೋ ದೂರದ ಗುಡಿಯ ಗಂಟೆ ಮೊಳಗಿದ ಹಾಗೆ ಕೇಳುತ್ತದೆ. ಮೊದಲ ಸಲ ಕೇಳಿದಾಗ ಮೈ ಜುಮ್ ಅಂದಿತು. ಒಂದು ಮಾತು ನೆನಪಿಡಿ: ಹೀಗೆ ಮಾಡುವ ಯೋಚನೆ ಇದ್ದರೆ ರೆಕಾರ್ಡಿಂಗ್ 96 ಕಿಲೋಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನು ಅಳೆಯುವ ಹಾಗೆ, ಇರಲಿ. ಹಿಡಿದದ್ದರಲ್ಲಿ ಸಿಗುವುದು ಆ ಅಂಕಿಯ ಅರ್ಧದವರೆಗಿನ ಸದ್ದು ಮಾತ್ರ, ನಿಧಾನ ಮಾಡಿದಾಗ ಅದೂ ನಾಲ್ಕರಲ್ಲೊಂದು ಆಗುತ್ತದೆ. 48ರಲ್ಲಿ ಹಿಡಿದದ್ದನ್ನು ಇಷ್ಟು ನಿಧಾನ ಮಾಡಿದರೆ 6 ಕಿಲೋಹರ್ಟ್ಸ್‌ಗಿಂತ ಮೇಲೆ ಏನೂ ಉಳಿಯುವುದಿಲ್ಲ, ಸದ್ದು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ.

ಗಾಣದ ಮೋಟಾರಿನ ಗುಂಯ್ ಸದ್ದು ಇನ್ನೊಂದು ಭಾಗ್ಯ. ನಮ್ಮ ಕರೆಂಟ್ 50 ಹರ್ಟ್ಸ್, ಆ ಗುಂಯ್ ಅದರ ಎರಡರಷ್ಟು, 100ರ ಹತ್ತಿರ. ಸದ್ದಿನ ಬೇಕಾದ ಭಾಗ ಏರಿಸಿ ಬೇಡದ್ದು ಇಳಿಸಲು ರೀಪರ್ ಜೊತೆಗೇ ಬರುವ ರಿಯಾ ಈಕ್ಯೂನಲ್ಲಿ ಸುತ್ತಲಿನದನ್ನು ಕತ್ತರಿಸಿ, ಅದನ್ನೇ ತಂಬೂರಿ ಶ್ರುತಿಯ ಹಾಗೆ ಕೆಳಗೆ ಇಟ್ಟೆ. ಉಳಿದ ಸದ್ದುಗಳನ್ನು ಒಂದೊಂದಾಗಿ ಅದಕ್ಕೆ ಶ್ರುತಿ ಮಾಡುತ್ತಾ ಹೋದೆ. ಇದಕ್ಕೇ ಎರಡು ವಾರ ಹಿಡಿಯಿತು. ಚಿತ್ರಕ್ಕೆ ಜೀವ ಬಂದಿದ್ದೂ ಇಲ್ಲೇ.

ಜಾಗದ ಮಾರ್ದನಿ ಬೇಕಾದರೆ ರೀಪರ್‌ನಲ್ಲೇ ರಿಯಾವರ್ಬ್ ಇದೆ. ಖಾಲಿ ಬೆಲ್ಲದ ಗೋಡೌನ್‌ನಲ್ಲಿ ಒಂದು ಬಲೂನ್ ಒಡೆದು ಆ ಸದ್ದು ಹಿಡಿದು ತಂದೆ. ಅದನ್ನು ರಿಯಾವರ್ಬ್‌ಗೆ ಕೊಟ್ಟರೆ ಯಾವ ಸದ್ದನ್ನಾದರೂ ಆ ಗೋಡೌನ್ ಒಳಗೆ ಕೂರಿಸಬಹುದು.

ವಿಡಿಯೊವನ್ನು ನೇರ ಟ್ರ್ಯಾಕ್ ಮೇಲೆ ಎಳೆದು ಹಾಕಿದರೆ ಸಾಕು, ನೋಡುತ್ತಾ ಕೆಲಸ ಮಾಡಬಹುದು. ದೊಡ್ಡ ಫೈಲ್ ಆದರೆ ತಡವರಿಸುತ್ತದೆ. ಚಿಕ್ಕ ಪ್ರತಿ ಮಾಡಿಕೊಳ್ಳಿ.

ಈ ವಿಡಿಯೊ ಮೈಸೂರಿನಲ್ಲಿ ಗೋಡೆ ಮೇಲೆ ದಿನವಿಡೀ ಮತ್ತೆ ಮತ್ತೆ ಓಡಬೇಕಿತ್ತು. ಮುಗಿದು ಶುರುವಾಗುವ ಕಡೆ ಸದ್ದು ಕಡಿದರೆ ಎಲ್ಲ ಕೆಟ್ಟಿತು. ಅದಕ್ಕೆ ಪೂರ್ತಿ ಸಂಗೀತವನ್ನು ನಡುವೆ ಕತ್ತರಿಸಿ, ಹಿಂದಿನ ಅರ್ಧವನ್ನು ಮುಂದಕ್ಕೆ ತಂದೆ. ಈಗಿನ ಕೊನೆ, ಈಗಿನ ಶುರು ಮೊದಲು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಹಾಗಾಗಿ ಅಲ್ಲಿ ಸದ್ದು ಕಡಿಯುವುದಿಲ್ಲ. ಹಳೇ ಕೊನೆಯೂ ಹಳೇ ಶುರುವೂ ಈಗ ನಡುವೆ ಬಂದವು. ಒಂದರ ಮೇಲೊಂದು ಸ್ವಲ್ಪ ಎಳೆದರೆ ರೀಪರ್ ತಾನೇ ಬೆಸೆಯುತ್ತದೆ. ಬೆಸುಗೆ ಎಲ್ಲಿದೆ ಅಂತ ಗೆಳೆಯನಿಗೂ ಗೊತ್ತಾಗಲಿಲ್ಲ.

ಪಿಟೀಲು, ಪಿಯಾನೊ ಸದ್ದುಗಳ ಭಂಡಾರ ಇದರ ಜೊತೆ ಬರುವುದಿಲ್ಲ. ಅದೇ ಬೇಕು ಅನ್ನುವವರಿಗೆ ಇದು ಬೇಡ. ತೆರೆದಾಗ ಕಾಣುವ ಖಾಲಿ ಬೂದು ಪರದೆಗೆ, ನೂರಾರು ಮೆನುಗಳಿಗೆ ಒಗ್ಗಿಕೊಳ್ಳಲು ಒಂದು ತಿಂಗಳು ಬೇಕು. ನನಗಂತೂ ಆ ಖಾಲಿತನವೇ ಒಳ್ಳೇದಾಯಿತು, ಸದ್ದು ಹುಡುಕಿಕೊಂಡು ಮನೆಯಿಂದ ಆಚೆ ಹೋದೆ. ಲೈಸೆನ್ಸ್ ಕೊಂಡಾಗಿದೆ. 7ನೇ ಆವೃತ್ತಿಗೆ ಕೊಟ್ಟ ದುಡ್ಡು 8.99ರವರೆಗೂ ನಡೆಯುತ್ತದೆ.