ಮೈನರ್ ಡಿಮ್ಯಾಟ್ ಖಾತೆ: ಷೇರು ಕೂಡಿಡಲು ಭದ್ರ, ಮಗುವಿಗೆ 18 ತುಂಬಿದಾಗ ಓಡಾಟ

ನಾರಾಯಣ ಮೂರ್ತಿಯವರು 2024ರ ಮಾರ್ಚ್‌ನಲ್ಲಿ ನಾಲ್ಕು ತಿಂಗಳ ಮೊಮ್ಮಗನಿಗೆ ಇನ್ಫೋಸಿಸ್‌ನ 15 ಲಕ್ಷ ಷೇರು ಕೊಟ್ಟರು. ಹತ್ತೇ ಷೇರು ಕೊಡಬೇಕೆಂದಿರುವ ಅಜ್ಜಿಗೂ ದಾರಿ ಇದೆ: ಮೈನರ್ ಡಿಮ್ಯಾಟ್ ಖಾತೆ, ಅಂದರೆ 18 ತುಂಬದ ಮಗುವಿನ ಹೆಸರಿನಲ್ಲಿ ಷೇರನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ. ಷೇರಿನ ಒಡೆತನಕ್ಕೆ ಕನಿಷ್ಠ ವಯಸ್ಸಿಲ್ಲ. 18 ತುಂಬಿರಬೇಕಾದದ್ದು ಒಪ್ಪಂದಕ್ಕೆ ಸಹಿ ಹಾಕಲು. ಹಾಗಾಗಿ ಅಲ್ಲಿಯವರೆಗೆ ಗಾರ್ಡಿಯನ್ (ಪೋಷಕರು) ಸಹಿ ಹಾಕುತ್ತಾರೆ, ಷೇರು ಮಾತ್ರ ಮಗುವಿನದೇ.

ಖಾತೆ ತೆರೆಯಲು ಮಗುವಿನ ಜನನ ಪ್ರಮಾಣಪತ್ರ, ಮಗುವಿನದೇ ಪ್ಯಾನ್, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಗಾರ್ಡಿಯನ್‌ನ ಪ್ಯಾನ್ ಮತ್ತು ಕೆವೈಸಿ ಬೇಕು. ಅರ್ಜಿ ವಾಪಸ್ ಬರಲು ದೊಡ್ಡ ಕಾರಣ ಹೆಸರಿನ ವ್ಯತ್ಯಾಸ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದನ್ನು ಬಿಡಿಸಿ ಬರೆದ ಪೂರ್ತಿ ಹೆಸರು. ನಾಮಕರಣಕ್ಕೆ ಮುಂಚೆಯೇ ಪಡೆದ ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿರುವುದೂ ಉಂಟು. ಅದನ್ನು ಸೇರಿಸಿಕೊಂಡ ಮೇಲೆಯೇ ಪ್ಯಾನ್‌ಗೆ ಅರ್ಜಿ ಹಾಕಿ. ಗಾರ್ಡಿಯನ್ ತಂದೆ ಅಥವಾ ತಾಯಿ ಆಗಿರಬೇಕು. ಅಜ್ಜ-ಅಜ್ಜಿ, ಸೋದರಮಾವ ಆಗಬೇಕಾದರೆ ಕೋರ್ಟ್ ಆದೇಶ ಬೇಕು. ಜಂಟಿ ಹೆಸರಿಲ್ಲ, ನಾಮಿನಿಯೂ ಇಲ್ಲ.

ಷೇರು ವರ್ಗಾಯಿಸುವ ಕೆಲಸ ಮಾತ್ರ ಸಲೀಸು. ಕೊಡುವವರು ತಮ್ಮ ಡಿಐಎಸ್ ಸ್ಲಿಪ್‌ನಲ್ಲಿ (ಷೇರು ವರ್ಗಾಯಿಸಲು ಸೂಚಿಸುವ ಚೀಟಿ) ಅಥವಾ ಆನ್‌ಲೈನ್‌ನಲ್ಲಿ ಆಫ್ ಮಾರ್ಕೆಟ್ ವರ್ಗಾವಣೆ (ಷೇರುಪೇಟೆಯ ಹೊರಗೆ ನೇರವಾಗಿ ಖಾತೆಯಿಂದ ಖಾತೆಗೆ) ಆರಿಸಿ, ಮಗುವಿನ 16 ಅಕ್ಷರದ ಖಾತೆ ಸಂಖ್ಯೆ, ಷೇರನ್ನು ಗುರುತಿಸುವ 12 ಅಕ್ಷರದ ಐಎಸ್ಐಎನ್ ಸಂಕೇತ, ಎಷ್ಟು ಷೇರು ಎಂಬುದನ್ನು ತುಂಬಿ, ಕಾರಣದ ಜಾಗದಲ್ಲಿ ‘ಗಿಫ್ಟ್’ ಎಂದು ಗುರುತಿಸಬೇಕು. ಕೊಡುವವರ ಮೊಬೈಲ್‌ಗೆ ಒಟಿಪಿ ಬರುತ್ತದೆ. ಹಳೆಯ ನಂಬರ್ ಇದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಡಿಪಾಸಿಟರಿ ಸಂಸ್ಥೆಗಳು ಎರಡು. ಒಬ್ಬರ ಖಾತೆ ಎನ್‌ಎಸ್‌ಡಿಎಲ್‌ನಲ್ಲಿ, ಇನ್ನೊಬ್ಬರದು ಸಿಡಿಎಸ್‌ಎಲ್‌ನಲ್ಲಿ ಇದ್ದರೆ ಅಂತರ್-ಡಿಪಾಸಿಟರಿ ವಿಭಾಗವನ್ನೇ ತುಂಬಬೇಕು. ಹಣ ಕೈ ಬದಲಾಗದ ಕಾರಣ ಮುದ್ರಾಂಕ ಶುಲ್ಕವಿಲ್ಲ. ಪೂರ್ತಿ ಹಣ ಪಾವತಿಯಾಗದ ಷೇರನ್ನು ಮಗುವಿಗೆ ಕೊಡಲಾಗದು. ದಾನಪತ್ರ ಬರೆದಿಡಿ, ಕೊಂಡಾಗ ಬ್ರೋಕರ್ ಕೊಟ್ಟ ಕಾಂಟ್ರಾಕ್ಟ್ ನೋಟನ್ನೂ (ಖರೀದಿಯ ದಾಖಲೆ) ಅದರ ಜೊತೆಗಿಡಿ. ಮುಂದೆ ಮಾರುವಾಗ ಕೊಟ್ಟವರು ಕೊಂಡ ದಿನಾಂಕ, ಕೊಂಡ ಬೆಲೆಯೇ ಲೆಕ್ಕಕ್ಕೆ ಬರುತ್ತದೆ.

ತೆರಿಗೆ ಉಳಿಸಲು ಹೊರಟವರಿಗೆ ಈ ಖಾತೆ ಸಲ್ಲದು. ಡಿವಿಡೆಂಡ್, ಮಾರಾಟದ ಲಾಭ ಎರಡೂ ತಂದೆ-ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತವೆ. ಕೊಟ್ಟದ್ದನ್ನು ಕಷ್ಟ ಬಂತೆಂದು ಹಿಂಪಡೆಯುವಂತೆಯೂ ಇಲ್ಲ. ಸಾಮಾನ್ಯವಾಗಿ ಬ್ರೋಕರ್‌ಗಳು ಇದರಲ್ಲಿ ಮಾರಲು ಮಾತ್ರ ಬಿಡುತ್ತಾರೆ. ಇಂಟ್ರಾಡೇ (ಅದೇ ದಿನ ಕೊಂಡು ಮಾರುವುದು), ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ಇಲ್ಲ. ನನ್ನ ಮಟ್ಟಿಗೆ ಅದು ಈ ಖಾತೆಯ ಒಳ್ಳೆಯ ಗುಣ: ಹತ್ತು-ಹದಿನೈದು ವರ್ಷ ಯಾರೂ ಮುಟ್ಟದೆ ಷೇರು ಉಳಿಯುತ್ತದೆ.

ತೊಡಕು ಎದುರಾಗುವುದು ಮಗುವಿಗೆ 18 ತುಂಬಿದಾಗ. ಅಂದಿನಿಂದ ಗಾರ್ಡಿಯನ್ ಸಹಿ ನಡೆಯದು, ಮಾರಾಟ ನಿಲ್ಲುತ್ತದೆ. ಮೊದಲು ಪ್ಯಾನ್ ಸರಿಮಾಡಿಸಿ, ಏಕೆಂದರೆ ಮೈನರ್ ಪ್ಯಾನ್ ಕಾರ್ಡ್‌ನಲ್ಲಿ ಫೋಟೊ, ಸಹಿ ಇರುವುದಿಲ್ಲ. ಆಮೇಲೆ ಬ್ಯಾಂಕ್ ಖಾತೆ, ನಂತರ ಹೊಸ ಕೆವೈಸಿ, ಕೊನೆಗೆ ಡಿಮ್ಯಾಟ್. ಕೆಲವೆಡೆ ಅದೇ ಖಾತೆಯನ್ನು ಬದಲಿಸಿಕೊಡುತ್ತಾರೆ, ಕೆಲವೆಡೆ ಹೊಸದು ತೆರೆದು ಷೇರು ವರ್ಗಾಯಿಸಲು ಹೇಳುತ್ತಾರೆ. ಖಾತೆ ತೆರೆಯುವ ಮೊದಲೇ ಇದನ್ನು ಕೇಳಿ. ಬ್ಯಾಂಕ್ ಖಾತೆ ಬದಲಿಸದೆ ಬಿಟ್ಟರೆ ಡಿವಿಡೆಂಡ್ ಜಮೆಯಾಗದೆ ವಾಪಸ್ ಹೋಗಬಹುದು. ಸತತ 7 ವರ್ಷ ಯಾರೂ ಪಡೆಯದ ಡಿವಿಡೆಂಡ್ ಷೇರಿನ ಸಮೇತ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಸೇರುತ್ತದೆ. ಬಿಡಿಸಿಕೊಳ್ಳಲು ಐಇಪಿಎಫ್-5 ಅರ್ಜಿ ಹಾಕಬೇಕು.