ಕಾರಿನ ಹಾಡಿಗೆ ಕ್ರೂಜರ್ ಬ್ಲೇಡ್ 32 ಜಿಬಿ ಪೆನ್‌ಡ್ರೈವ್

ವಿಜಯಪುರದಿಂದ ಬೆಳಗಾವಿ ತನಕ ಹಾಡು ಕೇಳಾಕ ಸ್ಯಾನ್‌ಡಿಸ್ಕ್‌ನ ಈ ಪೆನ್‌ಡ್ರೈವ್ ಧಾರಾಳ ಸಾಕ್ರಿ. ಯುಎಸ್‌ಬಿ 2.0 ಐತಿ, ಕಾಪಿ ಮಾಡಾಕ ನಿಧಾನ. ಹಾಡಾಕ ಏನೂ ಫರಕ್ ಬೀಳಂಗಿಲ್ಲ. 64 ಜಿಬಿದರ ಆಸೆ ಬ್ಯಾಡ. ಅದರಾಗ ಫೈಲ್ ಜೋಡಿಸೋ ಪದ್ಧತಿ (ಫಾರ್ಮ್ಯಾಟ್) ಎಕ್ಸ್‌ಫ್ಯಾಟ್ ಇದ್ರ ಹಳೇ ಸ್ಟೀರಿಯೋ ಓದಂಗಿಲ್ಲ. ಫ್ಯಾಟ್32 ಇರಬೇಕು.

ಆಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್‌ನಾಗ ಕೊಂಡ ಹಾಡು 256 ಕೆಬಿಪಿಎಸ್‌ನ ಎಎಸಿ ಅನ್ನೋ ನಮೂನಿದು, ಅಂದ್ರ ಎಂ4ಎ ಫೈಲ್. ಬರೇ ಎಂಪಿ3 ಓದೋ ಸ್ಟೀರಿಯೋ ಇದ್ರ ಮೊದಲ ಎಂಪಿ3ಗೆ ಬದಲಾಯಿಸ್ಕೋರಿ. 2009ರ ಮೊದಲು ಕೊಂಡ ಹಾಡು ಎಂ4ಪಿ ಇದ್ರ ಅದಕ್ಕ ಕಾಪಿ ತಡೆಯೋ ಬೀಗ ಐತಿ, ಹಾಡಂಗಿಲ್ಲ. ತಿಂಗಳ ಚಂದಾದಾಗ ಇಳಿಸ್ಕೊಂಡ ಹಾಡಿಂದೂ ಅದ ಕಥಿ.

ಕೆಲವು ಸ್ಟೀರಿಯೋ ಹೆಸರು ನೋಡಂಗಿಲ್ಲ, ಕಾಪಿ ಆದ ಕ್ರಮದಾಗ ಹಾಡ್ತಾವ. 01, 02 ಅಂತ ಹೆಸರು ಹಚ್ಚಿ, ಅದ ಕ್ರಮದಾಗ ಒಂದೊಂದ ಹಾಕ್ರಿ. ಕನ್ನಡ ಹೆಸರು ಡಬ್ಬಿ ಡಬ್ಬಿ ಕಂಡ್ರ ಇಂಗ್ಲಿಷಿನಾಗ ಬರೀರಿ, ಬ್ಯಾರೆ ದಾರಿ ಇಲ್ಲ.